ಶೆಫೀಲ್ಡ್ ವೆನ್ಸ್‌ಡೇ ಮಾರಾಟವಾಯಿತಾ? 2025ರ ಕೊನೆಗೆ ಇನ್ನೂ ಇಲ್ಲ

2025ರ ಡಿಸೆಂಬರ್ 24ರಂದು ಇಂಗ್ಲೆಂಡಿನಿಂದ ಒಂದು ಸುದ್ದಿ ಬಂತು. ದಿವಾಳಿಯ ಅಂಚಿನಲ್ಲಿದ್ದ ಶೆಫೀಲ್ಡ್ ವೆನ್ಸ್‌ಡೇ ಫುಟ್‌ಬಾಲ್ ಕ್ಲಬ್ಬಿಗೆ ‘ಪ್ರಿಫರ್ಡ್ ಬಿಡ್ಡರ್’, ಅಂದರೆ ಕೊಳ್ಳಲು ಬಂದವರಲ್ಲಿ ಮೊದಲ ಆಯ್ಕೆ, ಸಿಕ್ಕಿದ್ದಾರೆ ಅಂತ. ಜೇಮ್ಸ್ ಬೋರ್ಡ್ ಎಂಬುವವರ ಗುಂಪು ಅದು. ಓದಿದವರಿಗೆ ಕ್ಲಬ್ ಮಾರಾಟವಾಯಿತು ಅನಿಸುವುದು ಸಹಜ. ಆದರೆ ಆವತ್ತಿಗೆ ಮಾರಾಟ ಆಗಿರಲಿಲ್ಲ. ಹಣ ಕೈ ಬದಲಾಗಿರಲಿಲ್ಲ, ಲೀಗ್ ಒಪ್ಪಿಗೆ ಕೊಟ್ಟಿರಲಿಲ್ಲ, ಬಾಕಿ ಯಾರಿಗೆ ಎಷ್ಟು ಅನ್ನೋದು ಇತ್ಯರ್ಥವಾಗಿರಲಿಲ್ಲ.

ಅಷ್ಟರಲ್ಲಿ ದಂಡದ ಕಡಿತದಿಂದ ತಂಡದ ಪಾಯಿಂಟ್ಸ್ ಸೊನ್ನೆಗಿಂತ ಕೆಳಗೆ ಹೋಗಿತ್ತು. ಡಿಸೆಂಬರ್ ಆರಂಭದಲ್ಲಿ ಅದು ಮೈನಸ್ 10. ಹಳೆಯ ಮಾಲೀಕರಿಗೆ ನಿಷೇಧ ಬಿದ್ದಿತ್ತು, ಹೊಸ ಮಾಲೀಕರು ಇನ್ನೂ ಬಂದಿರಲಿಲ್ಲ. ಹಾಗಾದರೆ ಆಗ ಕ್ಲಬ್ ಯಾರದ್ದು? ಒಂದು ಕ್ಲಬ್ ಕೊಳ್ಳೋದು ಇಷ್ಟು ಕಷ್ಟ ಯಾಕೆ? ಉತ್ತರ ಬೇಕಾದರೆ ಸುಮಾರು ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬುಧವಾರದ ಹೆಸರು

ಮೊದಲು ಹೆಸರಿನ ಕಥೆ. 1820ರಲ್ಲಿ ಶೆಫೀಲ್ಡ್ ನಗರದಲ್ಲಿ ಒಂದು ಕ್ರಿಕೆಟ್ ಕ್ಲಬ್ ಶುರುವಾಯಿತು. ಅದರ ಸದಸ್ಯರಿಗೆ ಬುಧವಾರ ಅರ್ಧ ದಿನ ರಜೆ ಇರುತ್ತಿತ್ತು, ಆಡುತ್ತಿದ್ದದ್ದೂ ಆವತ್ತೇ. ಹಾಗಾಗಿ ಹೆಸರು ‘ದಿ ವೆನ್ಸ್‌ಡೇ’. ಚಳಿಗಾಲದಲ್ಲೂ ಆಟಗಾರರು ಒಟ್ಟಿಗೆ ಇರಲಿ ಅಂತ 1867ರಲ್ಲಿ ಫುಟ್‌ಬಾಲ್ ಶುರು ಮಾಡಿದರು. ಕ್ರಿಕೆಟ್ ಹೋಯಿತು, ಫುಟ್‌ಬಾಲ್ ಉಳಿಯಿತು.

ಈ ಕ್ಲಬ್ ನಾಲ್ಕು ಸಲ ಇಂಗ್ಲೆಂಡಿನ ಚಾಂಪಿಯನ್ ಆಗಿದೆ: 1903, 1904, 1929, 1930. ಎಫ್‌ಎ ಕಪ್ ಮೂರು ಸಲ ಗೆದ್ದಿದೆ. 2000ದಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಮೇಲೆ ಮತ್ತೆ ಅಲ್ಲಿಗೆ ಹೋಗಿಲ್ಲ. ಆದರೂ ಹಿಲ್ಸ್‌ಬರೋ ಮೈದಾನಕ್ಕೆ ಪಂದ್ಯಕ್ಕೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಬರುತ್ತಾರೆ. ಜನ ಇದ್ದಾರೆ, ಚರಿತ್ರೆ ಇದೆ, ಮೇಲಿನ ಲೀಗ್ ಮಾತ್ರ ಕೈಗೆ ಸಿಕ್ಕಿಲ್ಲ. ಹಣವಂತರಿಗೆ ಇಂಥ ಕ್ಲಬ್ ಕಂಡರೆ ಆಸೆ ಹುಟ್ಟುತ್ತದೆ.

ಮೇಲಿನ ಮೆಟ್ಟಿಲಿನ ಆಸೆ

ಆ ಆಸೆಯಿಂದ ಬಂದವರು ಡೆಜ್‌ಫೊನ್ ಚಾನ್ಸಿರಿ. ಥಾಯ್ಲೆಂಡಿನವರು. ಡಬ್ಬಿಯಲ್ಲಿ ಸಿಗುವ ಟ್ಯೂನಾ ಮೀನಿನ ವ್ಯಾಪಾರದಲ್ಲಿ ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದಾದ ಥಾಯ್ ಯೂನಿಯನ್ ಇವರ ಕುಟುಂಬದ್ದು. 2015ರ ಜನವರಿಯಲ್ಲಿ 3.75 ಕೋಟಿ ಪೌಂಡ್ ಕೊಟ್ಟು ಕ್ಲಬ್ ಕೊಂಡರು.

ಇಲ್ಲಿ ಇಂಗ್ಲಿಷ್ ಫುಟ್‌ಬಾಲ್‌ನ ಮೆಟ್ಟಿಲುಗಳ ಬಗ್ಗೆ ಸ್ವಲ್ಪ ಹೇಳಬೇಕು. ಮೇಲೆ ಪ್ರೀಮಿಯರ್ ಲೀಗ್, ಅದರ ಕೆಳಗೆ ಚಾಂಪಿಯನ್‌ಶಿಪ್, ಅದರ ಕೆಳಗೆ ಲೀಗ್ ಒನ್, ಆಮೇಲೆ ಲೀಗ್ ಟೂ. ಪ್ರೀಮಿಯರ್ ಲೀಗ್ ಬಿಟ್ಟು ಉಳಿದ ಮೂರನ್ನು ನಡೆಸೋದು ಇಎಫ್‌ಎಲ್ ಎಂಬ ಸಂಸ್ಥೆ. ಪ್ರತಿ ವರ್ಷ ಚೆನ್ನಾಗಿ ಆಡಿದವರು ಮೇಲಕ್ಕೆ, ಸೋತವರು ಕೆಳಕ್ಕೆ.

ಆಟಕ್ಕೆ ಇದು ಸೊಗಸು, ಲೆಕ್ಕಕ್ಕೆ ಅಪಾಯ. ಯಾಕೆಂದರೆ ಮೊದಲ ಮೆಟ್ಟಿಲಿಗೂ ಎರಡನೇ ಮೆಟ್ಟಿಲಿಗೂ ಇರುವ ಹಣದ ಅಂತರ ವಿಪರೀತ. ಚಾಂಪಿಯನ್‌ಶಿಪ್‌ನಿಂದ ಒಂದು ಸಲ ಮೇಲೆ ಹೋದರೆ ಟಿವಿ ಹಣವೂ ಸೇರಿ 10 ಕೋಟಿ ಪೌಂಡಿಗೂ ಹೆಚ್ಚು ಆದಾಯ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗೂ ಮೇಲೆ. ಒಂದೇ ವರ್ಷ ಆಡಿ ಕೆಳಗಿಳಿದರೂ ‘ಪ್ಯಾರಾಶೂಟ್’ ಹಣ ಅಂತ ಮುಂದಿನ ಕೆಲವು ವರ್ಷ ಬರುತ್ತಲೇ ಇರುತ್ತದೆ.

ಹಾಗಾಗಿ ಚಾಂಪಿಯನ್‌ಶಿಪ್ ಮಾಲೀಕರು ಒಂದು ಲೆಕ್ಕ ಹಾಕುತ್ತಾರೆ. ಈ ವರ್ಷ ಆದಾಯಕ್ಕಿಂತ ಜಾಸ್ತಿ ಸಂಬಳ ಕೊಟ್ಟು ಒಳ್ಳೆ ಆಟಗಾರರನ್ನು ತರೋಣ, ಮೇಲೆ ಹೋದರೆ ಎಲ್ಲ ವಾಪಸ್ ಬರುತ್ತೆ. ಈ ಲೀಗ್‌ನ ಎಷ್ಟೋ ಕ್ಲಬ್‌ಗಳಲ್ಲಿ ಸಂಬಳದ ಬಿಲ್ಲೇ ಒಟ್ಟು ಆದಾಯವನ್ನು ಮೀರುತ್ತದೆ. ಉಳಿದ ಖರ್ಚನ್ನು ಮಾಲೀಕ ಕೈಯಿಂದ ಹಾಕಬೇಕು. ಆದರೆ 24 ತಂಡಗಳಲ್ಲಿ ಮೇಲೆ ಹೋಗೋದು ಮೂರು ಮಾತ್ರ. ಉಳಿದ 21 ತಂಡಗಳ ಹಣ ಎಲ್ಲಿ ಹೋಯಿತು ಅಂತ ಕೇಳುವ ಹಾಗಿಲ್ಲ.

ಚಾನ್ಸಿರಿ ಅದೃಷ್ಟಕ್ಕೆ ಬಹಳ ಹತ್ತಿರ ಬಂದಿದ್ದರು. ಮೇಲೆ ಹೋಗುವ ಮೂರನೇ ತಂಡ ಯಾವುದು ಅಂತ ತೀರ್ಮಾನಿಸುವ ಪ್ಲೇ-ಆಫ್‌ನ 2016ರ ಫೈನಲ್‌ನಲ್ಲಿ, ವೆಂಬ್ಲಿ ಮೈದಾನದಲ್ಲಿ ಹಲ್ ಸಿಟಿ ವಿರುದ್ಧ ತಂಡ 1-0 ಅಂತರದಲ್ಲಿ ಸೋತಿತು. 2017ರಲ್ಲಿ ಸೆಮಿಫೈನಲ್, ಹಡರ್ಸ್‌ಫೀಲ್ಡ್ ವಿರುದ್ಧ ಪೆನಾಲ್ಟಿಯಲ್ಲಿ ಸೋಲು. ಎರಡು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಂಬಳದ ಬಿಲ್ ಮಾತ್ರ ಹಾಗೇ ಉಳಿಯಿತು.

ಮೈದಾನ ಮಾರಿದ್ದು ಯಾರಿಗೆ?

ನನ್ನ ಪ್ರಕಾರ ಈ ಇಡೀ ಕಥೆಯ ತಿರುವು ಇರೋದು ಇಲ್ಲಿ. 2025ರ ಸಂಬಳದ ಗಲಾಟೆಗಿಂತ ಆರೇಳು ವರ್ಷ ಮೊದಲು.

ಚಾಂಪಿಯನ್‌ಶಿಪ್ ಕ್ಲಬ್‌ಗಳು ಎಷ್ಟು ನಷ್ಟ ಮಾಡಬಹುದು ಅನ್ನೋದಕ್ಕೆ ಆಗ ಮಿತಿ ಇತ್ತು. ಮೂರು ವರ್ಷಕ್ಕೆ ಹೆಚ್ಚೆಂದರೆ 3.9 ಕೋಟಿ ಪೌಂಡ್. ವೆನ್ಸ್‌ಡೇ ಆ ಮಿತಿ ದಾಟುವ ಹಾದಿಯಲ್ಲಿತ್ತು. ಆಗ ಒಂದು ಉಪಾಯ ಕಂಡಿತು. ಹಿಲ್ಸ್‌ಬರೋ ಮೈದಾನವನ್ನು ಸುಮಾರು 6 ಕೋಟಿ ಪೌಂಡಿಗೆ ಮಾರೋದು. ಕೊಂಡದ್ದು ಯಾರು? ಚಾನ್ಸಿರಿಯವರದ್ದೇ ಇನ್ನೊಂದು ಕಂಪನಿ, ಶೆಫೀಲ್ಡ್ 3 ಲಿಮಿಟೆಡ್. ಅಂದರೆ ಬಲಗೈಯಿಂದ ಎಡಗೈಗೆ. ಆದರೆ ಲೆಕ್ಕದ ಪುಸ್ತಕದಲ್ಲಿ ಕ್ಲಬ್ಬಿಗೆ ಸುಮಾರು 3.8 ಕೋಟಿ ಪೌಂಡ್ ಲಾಭ ಕಾಣಿಸಿತು. 2017-18ರಲ್ಲಿ ಭಾರೀ ನಷ್ಟ ತೋರಿಸಬೇಕಿದ್ದ ಕ್ಲಬ್ ಸಣ್ಣ ಲಾಭ ತೋರಿಸಿತು.

ಈ ಉಪಾಯ ಇವರೊಬ್ಬರದ್ದೇ ಅಲ್ಲ. ಡರ್ಬಿ ಕೌಂಟಿ, ರೀಡಿಂಗ್, ಆಸ್ಟನ್ ವಿಲ್ಲಾ ಕೂಡ ಮೈದಾನವನ್ನು ಮಾಲೀಕರ ಕಡೆಗೇ ಮಾರಿದ್ದವು. ಆಗಿನ ನಿಯಮದಲ್ಲಿ ಅದಕ್ಕೆ ಜಾಗ ಇತ್ತು. ವೆನ್ಸ್‌ಡೇ ಸಿಕ್ಕಿಬಿದ್ದದ್ದು ಮಾರಿದ್ದಕ್ಕಲ್ಲ, ಆ ಲಾಭವನ್ನು ತಪ್ಪು ವರ್ಷದ ಲೆಕ್ಕಕ್ಕೆ ಸೇರಿಸಿದ್ದಕ್ಕೆ. 2020ರ ಜುಲೈನಲ್ಲಿ 12 ಪಾಯಿಂಟ್ಸ್ ಕಡಿತ ಮಾಡಿದರು. ಅಪೀಲು ಹೋದ ಮೇಲೆ ಅದು 6ಕ್ಕೆ ಇಳಿಯಿತು.

ಆ ಆರು ಪಾಯಿಂಟ್ಸ್ ಎಷ್ಟು ದುಬಾರಿ ಆಯಿತು ನೋಡಿ. 2020-21ರ ಕೊನೆಯ ದಿನ ವೆನ್ಸ್‌ಡೇ ಮತ್ತು ಡರ್ಬಿ 3-3 ಡ್ರಾ ಮಾಡಿಕೊಂಡವು. ಡರ್ಬಿ 44 ಪಾಯಿಂಟ್ಸ್‌ನೊಂದಿಗೆ ಉಳಿಯಿತು, ವೆನ್ಸ್‌ಡೇ 41ರೊಂದಿಗೆ ಕೆಳಗಿಳಿಯಿತು. ಕಡಿತ ಇಲ್ಲದಿದ್ದರೆ 47 ಇರುತ್ತಿತ್ತು, ಉಳಿಯುತ್ತಿತ್ತು. ಮುಂದಿನ ಸೀಸನ್‌ನಲ್ಲಿ ಡರ್ಬಿಯೂ ದಿವಾಳಿ ಎದ್ದು 21 ಪಾಯಿಂಟ್ಸ್ ಕಳೆದುಕೊಂಡಿತು, ಅದು ಬೇರೆ ಕಥೆ.

ಆದರೆ ಮೈದಾನದ ಮಾರಾಟದ ನಿಜವಾದ ಪರಿಣಾಮ ಬೇರೆಯೇ. ಒಂದು ಕ್ಲಬ್ಬಿನ ಬಳಿ ಗಟ್ಟಿ ಆಸ್ತಿ ಅಂತ ಇರೋದು ಮೈದಾನ ಮಾತ್ರ. ಆಟಗಾರರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಮೈದಾನ ಬೇರೆ ಕಂಪನಿಗೆ ಹೋದ ಮೇಲೆ ಕ್ಲಬ್ಬಿನಲ್ಲಿ ಉಳಿದದ್ದು ಹೆಸರು, ಲೀಗ್‌ನ ಸದಸ್ಯತ್ವ ಮತ್ತು ಬಾಕಿ. ಮುಂದೆ ಯಾರೇ ಕೊಳ್ಳಲು ಬಂದರೂ ಒಂದರ ಬದಲು ಎರಡು ಕಂಪನಿಗಳ ಜೊತೆ ವ್ಯವಹಾರ ಮಾಡಬೇಕು.

ಸಂಬಳ ನಿಂತ ಮೇಲೆ

2023ರಲ್ಲಿ ಕ್ಲಬ್ ಲೀಗ್ ಒನ್‌ನಿಂದ ವಾಪಸ್ ಮೇಲೆ ಬಂತು. ಅದೂ ಸುಮ್ನೆ ಬರಲಿಲ್ಲ. ಪ್ಲೇ-ಆಫ್ ಸೆಮಿಫೈನಲ್‌ನ ಮೊದಲ ಪಂದ್ಯ ಪೀಟರ್‌ಬರೋ ವಿರುದ್ಧ 4-0 ಸೋತು, ಎರಡನೇದನ್ನು 5-1 ಗೆದ್ದು, ಪೆನಾಲ್ಟಿಯಲ್ಲಿ ದಾಟಿತು. ಫೈನಲ್‌ನಲ್ಲಿ 123ನೇ ನಿಮಿಷದಲ್ಲಿ ಜೋಶ್ ವಿಂಡಸ್ ಹೊಡೆದ ಗೋಲಿನಿಂದ ಬಾರ್ನ್‌ಸ್ಲಿ ವಿರುದ್ಧ ಗೆದ್ದಿತು.

ಅದಾಗಿ ಆರು ತಿಂಗಳೂ ಕಳೆದಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾನ್ಸಿರಿ ಅಭಿಮಾನಿಗಳ ಮುಂದೆ ಒಂದು ಲೆಕ್ಕ ಇಟ್ಟರು. 20 ಸಾವಿರ ಜನ ತಲಾ 100 ಪೌಂಡ್ ಕೊಟ್ಟರೆ 20 ಲಕ್ಷ ಪೌಂಡ್ ಆಗುತ್ತೆ, ತೆರಿಗೆ ಬಾಕಿ ಮತ್ತು ಸಂಬಳ ತೀರುತ್ತೆ ಅಂತ. ಟಿಕೆಟ್‌ಗೆ ದುಡ್ಡು ಕೊಟ್ಟು ಬಂದವರ ಹತ್ತಿರವೇ ಮಾಲೀಕ ಕೈ ಚಾಚಿದ ಹಾಗಾಯಿತು. ಒಬ್ಬರ ಜೇಬಿನ ಮೇಲೆ ನಿಂತ ಕ್ಲಬ್‌ನಲ್ಲಿ ಆ ಜೇಬು ಖಾಲಿಯಾದರೆ ಬೇರೆ ದಾರಿ ಇಲ್ಲ ಅನ್ನೋದು ಆವತ್ತೇ ಗೊತ್ತಾಯಿತು.

2025 ಬಂದಾಗ ಸಂಬಳ ತಡವಾಗತೊಡಗಿತು. ಮಾರ್ಚ್‌ನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಮತ್ತೆ, ಜೂನ್‌ನಲ್ಲಿ ಮತ್ತೊಮ್ಮೆ. ಇದರ ಪರಿಣಾಮ ಆಟಗಾರರ ಮನೆ ಬಾಡಿಗೆಗೆ ಮಾತ್ರ ಅಲ್ಲ. ಫಿಫಾ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಆಟಗಾರ ನೋಟಿಸ್ ಕೊಟ್ಟು ಒಪ್ಪಂದ ಮುರಿಯಬಹುದು. ಬೇರೆ ಕ್ಲಬ್ಬಿಗೆ ಉಚಿತವಾಗಿ ಹೋಗಬಹುದು. ಅಂದರೆ ಮಾರಿ ಹಣ ಮಾಡಬಹುದಾದ ಆಟಗಾರರೇ ಕೈತಪ್ಪುತ್ತಾರೆ. ಹಣ ಇಲ್ಲ ಅಂತ ಸಂಬಳ ತಡ, ಸಂಬಳ ತಡ ಅಂತ ಆಟಗಾರರು ಹೊರಗೆ, ಆಟಗಾರರು ಹೋದರು ಅಂತ ಹಣ ಇನ್ನೂ ಕಡಿಮೆ. ವೆಂಬ್ಲಿಯ ಹೀರೋ ವಿಂಡಸ್ ಕೂಡ ಜುಲೈನಲ್ಲಿ ಹೊರಟರು. ಕೋಚ್ ಡ್ಯಾನಿ ರೋಲ್ ಅದೇ ತಿಂಗಳು ಬಿಟ್ಟರು.

ಲೀಗ್ ಕ್ಲಬ್ ಮೇಲೆ ಹೊಸ ಆಟಗಾರರನ್ನು ಹಣ ಕೊಟ್ಟು ತರಬಾರದು ಅಂತ ನಿರ್ಬಂಧ ಹೇರಿತು. ಸುರಕ್ಷತೆಯ ಕಾರಣಕ್ಕೆ ನಗರಸಭೆ ಮೈದಾನದ ನಾರ್ತ್ ಸ್ಟ್ಯಾಂಡ್ ಮುಚ್ಚಿಸಿತು. ಆಗಸ್ಟ್‌ನಲ್ಲಿ ಹುಡುಗರನ್ನೇ ಕಟ್ಟಿಕೊಂಡು ಲೀಗ್ ಕಪ್‌ನಲ್ಲಿ ಲೀಡ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದೊಂದೇ ಆ ದಿನಗಳ ಸಮಾಧಾನ.

ಅಕ್ಟೋಬರ್ 22ರ ಮಿಡಲ್ಸ್‌ಬರೋ ಪಂದ್ಯವನ್ನು ಅಭಿಮಾನಿಗಳು ಬಹಿಷ್ಕರಿಸಿದರು. ಬಂದದ್ದು ಸುಮಾರು 7 ಸಾವಿರ ಜನ. (ಹೆಸರಿಗೆ ತಕ್ಕಂತೆ ಅದು ಬುಧವಾರ.) ಎರಡೇ ದಿನಕ್ಕೆ, ಅಕ್ಟೋಬರ್ 24ರಂದು ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. ಮರುದಿನ ಆಕ್ಸ್‌ಫರ್ಡ್ ವಿರುದ್ಧದ ಪಂದ್ಯಕ್ಕೆ 27 ಸಾವಿರ ಜನ ಬಂದರು! ದಿವಾಳಿಯ ಸುದ್ದಿಗೆ ಜನ ಹಬ್ಬ ಮಾಡಿದ್ದು ವಿಚಿತ್ರ ಅನಿಸಬಹುದು. ಅವರ ಲೆಕ್ಕ ಸರಳ: ಇಷ್ಟು ದಿನ ಕೊಟ್ಟ ಹಣ ಮಾಲೀಕರ ಕೈಗೆ ಹೋಗುತ್ತಿತ್ತು, ಇನ್ನು ಮೇಲೆ ಕ್ಲಬ್ಬಿಗೆ.

ಅಡ್ಮಿನಿಸ್ಟ್ರೇಷನ್ ಅಂದರೆ ಏನು?

ಬೆಂಗಳೂರಿನ ಬೈಜೂಸ್ ಪ್ರಕರಣ ನೆನಪಿರಬಹುದು. ಜೆರ್ಸಿ ಪ್ರಾಯೋಜಕತ್ವದ 158 ಕೋಟಿ ರೂಪಾಯಿ ಬಾಕಿ ಅಂತ ಬಿಸಿಸಿಐ ದೂರಿತು, 2024ರ ಜುಲೈನಲ್ಲಿ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ದಿವಾಳಿ ಪ್ರಕ್ರಿಯೆ ಶುರು ಮಾಡಿತು, ಕಂಪನಿಯ ಚುಕ್ಕಾಣಿ ಮಾಲೀಕರ ಕೈತಪ್ಪಿ ‘ರೆಸಲ್ಯೂಷನ್ ಪ್ರೊಫೆಷನಲ್’ ಕೈಗೆ ಹೋಯಿತು. ಬ್ರಿಟನ್ನಿನ ಅಡ್ಮಿನಿಸ್ಟ್ರೇಷನ್ ಹೆಚ್ಚುಕಡಿಮೆ ಅದೇ ಜಾತಿಯದ್ದು.

ಇದರಲ್ಲಿ ಎರಡು ಕೆಲಸ ಆಗುತ್ತದೆ. ಬಾಕಿ ಬರಬೇಕಾದವರು ಕೋರ್ಟಿಗೆ ಹೋಗಿ ಕಂಪನಿ ಮುಚ್ಚಿಸದಂತೆ ತಡೆ ಬೀಳುತ್ತದೆ. ಮತ್ತು ಮಾಲೀಕರ ಬದಲು ಅಡ್ಮಿನಿಸ್ಟ್ರೇಟರ್ ಕಂಪನಿ ನಡೆಸುತ್ತಾರೆ. ಇಲ್ಲಿ ಆ ಕೆಲಸ ಬೆಗ್ಬೀಸ್ ಟ್ರೇನರ್ ಸಂಸ್ಥೆಯದ್ದು. ಹಾಗಾಗಿ ‘ಆಗ ಕ್ಲಬ್ ಯಾರದ್ದು’ ಅನ್ನೋ ಪ್ರಶ್ನೆಗೆ ಉತ್ತರ: ಕಾಗದದ ಮೇಲೆ ಷೇರು ಯಾರದ್ದೇ ಇರಲಿ, ತೀರ್ಮಾನ ಅಡ್ಮಿನಿಸ್ಟ್ರೇಟರ್‌ಗಳದ್ದು.

ಒಂದು ಸೂಕ್ಷ್ಮ ಮರೆಯಬಾರದು. ಅವರು ನೋಡಬೇಕಾದದ್ದು ಬಾಕಿದಾರರ, ಅಂದರೆ ಕ್ಲಬ್ಬಿನಿಂದ ಹಣ ಬರಬೇಕಾದವರ ಹಿತ. ಅಭಿಮಾನಿಗಳಿಗೆ ಇಷ್ಟವಾದ ಮಾಲೀಕರನ್ನು ಹುಡುಕೋದು ಅವರ ಕೆಲಸ ಅಲ್ಲ. ಎರಡೂ ಒಂದೇ ಆದರೆ ಒಳ್ಳೇದು, ಆಗಲೇಬೇಕು ಅಂತೇನಿಲ್ಲ.

ಒಂದು ಒಳ್ಳೆ ಸಂಗತಿ: ಕ್ಲಬ್ ಜೊತೆಗೆ ಮೈದಾನದ ಕಂಪನಿಯೂ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. ಬೇರೆ ಆಗಿದ್ದ ಎರಡನ್ನೂ ಒಟ್ಟಿಗೆ ಮಾರಲು ಸಾಧ್ಯವಾಯಿತು. ಡರ್ಬಿಗೆ ಈ ಅನುಕೂಲ ಇರಲಿಲ್ಲ, ಅಲ್ಲಿ ಮೈದಾನ ಹಳೆ ಮಾಲೀಕರ ಕಡೆಯೇ ಉಳಿದು ಕ್ಲಬ್ಬಿನ ಮಾರಾಟ ತಿಂಗಳುಗಟ್ಟಲೆ ಎಳೆಯಿತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಡ್ಮಿನಿಸ್ಟ್ರೇಷನ್‌ಗೆ ಹೋದ ತಕ್ಷಣ 12 ಪಾಯಿಂಟ್ಸ್ ಕಡಿತ. ಡಿಸೆಂಬರ್ 1ರಂದು, ಹಣ ಸಮಯಕ್ಕೆ ಕೊಡದ ಹಳೆಯ ತಪ್ಪುಗಳಿಗೆ ಇನ್ನೂ 6. ಒಟ್ಟು 18. ಚಾನ್ಸಿರಿಯವರಿಗೆ ಇಎಫ್‌ಎಲ್ ಕ್ಲಬ್‌ಗಳ ಮಾಲೀಕತ್ವದಿಂದ ಮೂರು ವರ್ಷ ನಿಷೇಧ.

18 ಅಂದರೆ ಎಷ್ಟು? 46 ಪಂದ್ಯಗಳ ಈ ಲೀಗ್‌ನಲ್ಲಿ ಉಳಿಯಲು ಸಾಮಾನ್ಯವಾಗಿ 50ರ ಆಸುಪಾಸು ಪಾಯಿಂಟ್ಸ್ ಬೇಕು. 18 ಕಳೆದುಕೊಂಡ ತಂಡ 68 ಗಳಿಸಬೇಕು. 2024-25ರಲ್ಲಿ 68 ಗಳಿಸಿದ ಬ್ರಿಸ್ಟಲ್ ಸಿಟಿ 6ನೇ ಸ್ಥಾನ ಪಡೆದು ಪ್ಲೇ-ಆಫ್‌ಗೆ ಹೋಗಿತ್ತು. ಕೆಳಗಿಳಿಯದೆ ಉಳಿಯೋಕೆ, ಮೇಲೆ ಹೋಗುವಷ್ಟು ಚೆನ್ನಾಗಿ ಆಡಬೇಕು. ಅದೂ ಹದಿಹರೆಯದ ಹುಡುಗರನ್ನು ಇಟ್ಟುಕೊಂಡು.

ಮಾಲೀಕ ತಪ್ಪು ಮಾಡಿದರೆ ಆಟಗಾರರಿಗೆ, ಅಭಿಮಾನಿಗಳಿಗೆ ಶಿಕ್ಷೆ ಯಾಕೆ? ಈ ಪ್ರಶ್ನೆಗೆ ಲೀಗ್ ಬಳಿ ಉತ್ತರ ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. 2002ರಲ್ಲಿ ಲೆಸ್ಟರ್ ಸಿಟಿ ಅಡ್ಮಿನಿಸ್ಟ್ರೇಷನ್‌ಗೆ ಹೋಗಿ ಸಾಲದ ಹೊರೆ ಇಳಿಸಿಕೊಂಡಿತು, ಅದೇ ಸೀಸನ್‌ನಲ್ಲಿ ಪ್ರೀಮಿಯರ್ ಲೀಗ್‌ಗೂ ಏರಿತು. ಲೆಕ್ಕ ಸರಿಯಾಗಿ ಇಟ್ಟುಕೊಂಡು ಬಾಕಿ ತೀರಿಸುತ್ತಿದ್ದ ಕ್ಲಬ್‌ಗಳು ಉರಿದುಬಿದ್ದವು. ದಿವಾಳಿ ಎದ್ದವನಿಗೆ ಲಾಭ, ಪ್ರಾಮಾಣಿಕನಿಗೆ ನಷ್ಟ ಅಂದರೆ ಹೇಗೆ? ಹಾಗಾಗಿ 2004ರಲ್ಲಿ 10 ಪಾಯಿಂಟ್ಸ್ ಕಡಿತದ ನಿಯಮ ಬಂತು, ಆಮೇಲೆ ಅದು 12 ಆಯಿತು. ಈ ನಿಯಮಕ್ಕೆ ಓಟು ಹಾಕಿದವರು ಕ್ಲಬ್‌ಗಳೇ.

ಅಭಿಮಾನಿಗಳ ವಾದ ಬೇರೆ. ಈ ಮಾಲೀಕರು ಬರಲು ಒಪ್ಪಿಗೆ ಕೊಟ್ಟದ್ದು ಲೀಗ್. ಮೈದಾನ ಮಾರಲು ನಿಯಮದಲ್ಲಿ ಸಂದು ಬಿಟ್ಟದ್ದೂ ಲೀಗ್. ಸಂಬಳ ತಿಂಗಳುಗಟ್ಟಲೆ ತಡವಾದಾಗ ಕ್ಲಬ್ಬಿಗೆ ನಿರ್ಬಂಧ ಹಾಕಿದರೇ ಹೊರತು ಮಾಲೀಕರನ್ನು ಹೊರಗೆ ಹಾಕಲು ಆಗಲಿಲ್ಲ. ನಿಷೇಧ ಬಂದದ್ದು ಅವರ ಕೈಯಿಂದ ಕ್ಲಬ್ ಹೋದ ಮೇಲೆ!

ಚಾನ್ಸಿರಿ ಕಡೆಯ ಮಾತನ್ನೂ ಹೇಳಬೇಕು. ಹತ್ತು ವರ್ಷ ಸ್ವಂತ ಹಣ ಸುರಿದಿದ್ದೇನೆ, ಸರಿಯಾದ ಬೆಲೆ ಬಂದರೆ ಮಾರುತ್ತೇನೆ ಅನ್ನೋದು ಅವರ ನಿಲುವಾಗಿತ್ತು. ಹಣ ಹಾಕಿದ್ದು ನಿಜ. ಆದರೆ ಖರ್ಚು ಮಾಡಿದ ಹಣವೇ ಕ್ಲಬ್ಬಿನ ಬೆಲೆ ಅಂತ ತಿಳಿಯೋದು ತಪ್ಪು. ಮದುವೆಗೆ ಎಷ್ಟು ಖರ್ಚಾಯಿತು ಅಂತ ಹೇಳಿ ಛತ್ರದ ಬೆಲೆ ಏರಿಸಲು ಆಗಲ್ಲ, ಅಲ್ವಾ? ಆ ಅಂತರ ತುಂಬದೆ ಮಾರಾಟ ಮುಂದೆ ಹೋಗುತ್ತಾ ಹೋಯಿತು, ಅಷ್ಟರಲ್ಲಿ ಕ್ಲಬ್ಬಿನ ಬೆಲೆಯೇ ಕುಸಿಯಿತು.

ಪೌಂಡಿಗೆ 25 ಪೆನ್ಸ್

ಈಗ ಕೊಳ್ಳುವವರ ತಲೆನೋವಿಗೆ ಬರೋಣ. ಇದು ಕೊಂಚ ಸಿಕ್ಕು ಸಿಕ್ಕಾದ ಭಾಗ.

ಮಾಮೂಲಿ ಕಂಪನಿ ದಿವಾಳಿಯಾದರೆ ಬಾಕಿದಾರರಿಗೆ ಕಾನೂನಿನ ಸಾಲು ಇರುತ್ತದೆ. ಅಡಮಾನ ಇಟ್ಟುಕೊಂಡವರು ಮುಂದೆ, ತೆರಿಗೆ ಇಲಾಖೆ ಮಧ್ಯೆ, ಅಡಮಾನ ಇಲ್ಲದವರು ಕೊನೆಗೆ. ಫುಟ್‌ಬಾಲ್‌ನಲ್ಲಿ ಇದರ ಪಕ್ಕ ಇನ್ನೊಂದು ಸಾಲು ಇದೆ. ಆಟಗಾರರ ಸಂಬಳ, ಬೇರೆ ಕ್ಲಬ್‌ಗಳಿಗೆ ಕೊಡಬೇಕಾದ ಹಣ, ಇವನ್ನು ಹೊಸ ಮಾಲೀಕ ಪೂರ್ತಿ ತೀರಿಸಲೇಬೇಕು. ಇಲ್ಲದಿದ್ದರೆ ಲೀಗ್‌ನಲ್ಲಿ ಜಾಗ ಇಲ್ಲ. 2010ರಲ್ಲಿ ಪೋರ್ಟ್ಸ್‌ಮತ್ ಕ್ಲಬ್ ಮುಳುಗಿದಾಗ ಬಾಕಿದಾರರ ಪಟ್ಟಿಯಲ್ಲಿ ಮೈದಾನದಲ್ಲಿ ಪ್ರಥಮ ಚಿಕಿತ್ಸೆ ಕೊಡುವ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯೂ ಇತ್ತು. ಕೋಟಿ ಸಂಬಳದ ಆಟಗಾರನಿಗೆ ಪೂರ್ತಿ, ಗಾಯಕ್ಕೆ ಪಟ್ಟಿ ಕಟ್ಟಿದವರಿಗೆ ಚಿಲ್ಲರೆ. ಬ್ರಿಟನ್ನಿನ ತೆರಿಗೆ ಇಲಾಖೆ ಇದರ ವಿರುದ್ಧ ಕೋರ್ಟಿಗೂ ಹೋಗಿ ಸೋತಿದೆ.

ಸಾಲಿನ ಕೊನೆಯಲ್ಲಿರುವವರಿಗೆ ಏನೂ ಸಿಗದೆ ಹೋಗಬಾರದು ಅಂತ ಲೀಗ್ ಇನ್ನೊಂದು ಷರತ್ತು ಇಟ್ಟಿದೆ. ಪ್ರತಿ ಪೌಂಡ್ ಬಾಕಿಗೆ ಕನಿಷ್ಠ 25 ಪೆನ್ಸ್ ತಕ್ಷಣ ಕೊಡಬೇಕು, ಅಥವಾ ಮೂರು ವರ್ಷದಲ್ಲಿ 35 ಪೆನ್ಸ್. ಕೊಡದಿದ್ದರೆ ಮತ್ತೆ 15 ಪಾಯಿಂಟ್ಸ್ ಕಡಿತ.

ಇಲ್ಲಿ ಒಂದು ಗಂಟು ಇದೆ. ಮಾಲೀಕರು ಕ್ಲಬ್ಬಿಗೆ ಹಣ ಹಾಕುವಾಗ ಬಹಳ ಸಲ ಸಾಲದ ರೂಪದಲ್ಲಿ ಹಾಕುತ್ತಾರೆ. ಕ್ಲಬ್ ಮುಳುಗಿದಾಗ ಆ ಮಾಲೀಕನೇ ದೊಡ್ಡ ಬಾಕಿದಾರನಾಗಿ ಸಾಲಿನಲ್ಲಿ ನಿಲ್ಲುತ್ತಾನೆ. ಸುಮ್ನೆ ಉದಾಹರಣೆಗೆ, ಅಡಮಾನವಿಲ್ಲದ ಬಾಕಿ ಒಟ್ಟು 100 ರೂಪಾಯಿ, ಅದರಲ್ಲಿ 60 ಹಳೆ ಮಾಲೀಕನದ್ದು ಅಂದುಕೊಳ್ಳಿ. 15 ಪಾಯಿಂಟ್ಸ್ ಉಳಿಸಲು ಹೊಸಬರು 25 ರೂಪಾಯಿ ಕೊಡಬೇಕು. ಅದರಲ್ಲಿ 15 ರೂಪಾಯಿ ಹೋಗೋದು ಕ್ಲಬ್ ಮುಳುಗಿಸಿದವನ ಜೇಬಿಗೆ. ಕೊಡದಿದ್ದರೆ ಮುಂದಿನ ಸೀಸನ್ ಶುರುವಾಗೋದೇ ಮೈನಸ್ 15ರಿಂದ.

ಕೊಳ್ಳುವವರ ಲೆಕ್ಕಾಚಾರ ನಿಂತಿರೋದು ಇಂಥ ಗಂಟುಗಳ ಮೇಲೆ. ಹೆಚ್ಚು ಹಣ ಕೊಟ್ಟು ಪಾಯಿಂಟ್ಸ್ ಉಳಿಸೋದಾ, ಹಣ ಉಳಿಸಿ ಒಂದು ವರ್ಷ ಕಷ್ಟಪಡೋದಾ?

ಪ್ರಿಫರ್ಡ್ ಬಿಡ್ಡರ್ ಇನ್ನೂ ಮಾಲೀಕ ಅಲ್ಲ

ಜೇಮ್ಸ್ ಬೋರ್ಡ್ ವೃತ್ತಿಯಲ್ಲಿ ಪೋಕರ್ ಆಟಗಾರ. 2010ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಯೂರೋಪ್ ಪ್ರಶಸ್ತಿ ಗೆದ್ದವರು. ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್ ಅಥ್ಲೆಟಿಕ್ ಕ್ಲಬ್ಬನ್ನು 2025ರ ಆರಂಭದಲ್ಲಿ ಕೊಂಡ ಗುಂಪಿನ ಮುಂದಾಳು. ಅವರ ಗುಂಪು ‘ಪ್ರಿಫರ್ಡ್ ಬಿಡ್ಡರ್’ ಆಯಿತು ಅಂದರೆ ಅರ್ಥ ಇಷ್ಟೇ: ಇಂತಿಷ್ಟು ದಿನ ಅಡ್ಮಿನಿಸ್ಟ್ರೇಟರ್‌ಗಳು ಬೇರೆಯವರ ಜೊತೆ ಮಾತಾಡಲ್ಲ. ಅಷ್ಟರಲ್ಲಿ ಲೆಕ್ಕ ಪರಿಶೀಲಿಸಿ, ಹಣ ತೋರಿಸಿ, ಲೀಗ್‌ನ ಪರೀಕ್ಷೆ ಪಾಸಾಗಿ. ಹುಡುಗಿ ನೋಡಿ ಒಪ್ಪಿದ ಹಂತ, ತಾಳಿ ಕಟ್ಟಿದ್ದಲ್ಲ.

ಲೀಗ್‌ನ ಪರೀಕ್ಷೆಯಲ್ಲಿ ನೋಡೋದು ಮುಖ್ಯವಾಗಿ ಮೂರು ವಿಷಯ. ಈ ವ್ಯಕ್ತಿಗಳ ಮೇಲೆ ಅಪರಾಧ, ದಿವಾಳಿಯ ಕಲೆ ಇದೆಯಾ? ಹಣ ಎಲ್ಲಿಂದ ಬರ್ತಿದೆ? ಮುಂದಿನ ವರ್ಷಗಳ ಖರ್ಚಿಗೆ ಸಾಕಾಗುತ್ತಾ?

ಈ ಹಂತದಲ್ಲಿ ಬಿದ್ದುಹೋದ ಮಾರಾಟಗಳು ಬೇಕಾದಷ್ಟಿವೆ. ಎಲ್ಲಕ್ಕಿಂತ ಒಳ್ಳೆಯ ಪಾಠ ಡರ್ಬಿಯದ್ದು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ರಿಸ್ ಕರ್ಚ್‌ನರ್ ಪ್ರಿಫರ್ಡ್ ಬಿಡ್ಡರ್ ಆದರು. ಆಗ ತಂಡದ ಕೋಚ್ ವೇಯ್ನ್ ರೂನಿ. ಎಲ್ಲರಿಗೂ ಭರವಸೆ. ಹಣ ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ ಗಡುವುಗಳು ಒಂದೊಂದಾಗಿ ಮೀರಿದವು. ಜೂನ್‌ನಲ್ಲಿ ಅವರು ಹಿಂದೆ ಸರಿದರು. ಕೊನೆಗೆ ಊರಿನವರೇ ಆದ ಡೇವಿಡ್ ಕ್ಲೋಸ್ ಎಂಬ ಕಟ್ಟಡ ಉದ್ಯಮಿ ಮೊದಲು ಮೈದಾನ, ಆಮೇಲೆ ಕ್ಲಬ್ ಕೊಂಡು ಉಳಿಸಿದರು. ಕರ್ಚ್‌ನರ್ ಏನಾದರು? ತಮ್ಮ ಸಾಫ್ಟ್‌ವೇರ್ ಕಂಪನಿಯ ಹೂಡಿಕೆದಾರರಿಗೆ ವಂಚಿಸಿದ್ದಕ್ಕೆ ಅಮೆರಿಕದ ಕೋರ್ಟು 2024ರಲ್ಲಿ ಅವರಿಗೆ 20 ವರ್ಷ ಜೈಲು ಶಿಕ್ಷೆ ಕೊಟ್ಟಿತು.

ಪ್ರೀಮಿಯರ್ ಲೀಗ್ ಕ್ಲಬ್ ಎವರ್ಟನ್‌ನದ್ದು ಇನ್ನೊಂದು ಬಗೆ. 2023ರ ಸೆಪ್ಟೆಂಬರ್‌ನಲ್ಲಿ 777 ಪಾರ್ಟ್ನರ್ಸ್ ಎಂಬ ಹೂಡಿಕೆ ಕಂಪನಿ ಕೊಳ್ಳುತ್ತೆ ಅಂತ ಒಪ್ಪಂದ ಆಯಿತು. ಒಂಬತ್ತು ತಿಂಗಳು ಕಾದ ಮೇಲೆ ಮುರಿದುಬಿತ್ತು. ‘ಬರಿ’ ಎಂಬ ಊರಿನ ಕ್ಲಬ್ಬಿಗೆ 2019ರಲ್ಲಿ ಅಷ್ಟು ಕಾಯುವ ಅವಕಾಶವೂ ಸಿಗಲಿಲ್ಲ. ಕೊಳ್ಳಬೇಕಿದ್ದ ಕಂಪನಿ ಕೊನೆ ಗಳಿಗೆಯಲ್ಲಿ ಕೈಬಿಟ್ಟಿತು, ಆಗಸ್ಟ್ 27ರಂದು ಲೀಗ್ ಕ್ಲಬ್ಬನ್ನೇ ಹೊರಗೆ ಹಾಕಿತು. 1894ರಿಂದ ಲೀಗ್‌ನಲ್ಲಿದ್ದ ಕ್ಲಬ್ ಅದು. ಇದಕ್ಕೆ ವಿರುದ್ಧವಾಗಿ, 2025ರ ಆಗಸ್ಟ್‌ನಲ್ಲಿ ಮೊರ್ಕಮ್ ಎಂಬ ಸಣ್ಣ ಕ್ಲಬ್ ಇನ್ನೇನು ಮುಚ್ಚಿತು ಅನ್ನುವಾಗ ಪಂಜಾಬ್ ವಾರಿಯರ್ಸ್ ಎಂಬ ಗುಂಪು ಬಂದು ಉಳಿಸಿತು.

ಹಾಗಾಗಿ ಡಿಸೆಂಬರ್ 24ರ ಸುದ್ದಿಗೆ ಕುಣಿಯೋದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಆರ್‌ಸಿಬಿಯೂ ಮಾರಾಟಕ್ಕಿತ್ತಲ್ಲ?

ಇದೇ ಸಮಯದಲ್ಲಿ ನಮ್ಮ ಆರ್‌ಸಿಬಿ ಮಾಲೀಕತ್ವವೂ ಬದಲಾಗುವ ಮಾತು ನಡೆದಿತ್ತು. 2025ರ ನವೆಂಬರ್‌ನಲ್ಲಿ ಡಿಯಾಜಿಯೋ ಒಡೆತನದ ಯುನೈಟೆಡ್ ಸ್ಪಿರಿಟ್ಸ್, ತಂಡದ ಮೇಲಿನ ಹೂಡಿಕೆಯ ಪರಿಶೀಲನೆಯನ್ನು 2026ರ ಮಾರ್ಚ್ 31ರೊಳಗೆ ಮುಗಿಸುವುದಾಗಿ ಹೇಳಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಫುಟ್‌ಬಾಲ್ ಕ್ಲಬ್‌ಗಳ ರೋಗ ಚೆನ್ನಾಗಿ ಅರ್ಥವಾಗುತ್ತದೆ.

ಆರ್‌ಸಿಬಿ ಹದಿನೇಳು ಸೀಸನ್ ಕಪ್ ಗೆಲ್ಲಲಿಲ್ಲ. ಕೆಲವು ವರ್ಷ ಕೊನೆಯ ಸ್ಥಾನಕ್ಕೂ ಹೋಯಿತು. ಆದರೂ ನಷ್ಟಕ್ಕೆ ಮುಳುಗಲಿಲ್ಲ. ಯಾಕೆಂದರೆ ಐಪಿಎಲ್‌ನಲ್ಲಿ ಕೆಳಗಿನ ಲೀಗ್ ಅಂತ ಇಲ್ಲ. ಕೊನೆಗೆ ಬಂದರೂ ಟಿವಿ ಹಣದ ಪಾಲು ಬರುತ್ತದೆ. ಆಟಗಾರರಿಗೆ ಎಷ್ಟು ಖರ್ಚು ಮಾಡಬಹುದು ಅನ್ನೋದಕ್ಕೆ ಹರಾಜಿನ ಮಿತಿ ಇದೆ. ಆಸೆಗೆ ಬಿದ್ದು ಸಾಲ ಮಾಡಿ ತುಪ್ಪ ತಿನ್ನುವ ದಾರಿಯೇ ಇಲ್ಲ. ಅದಕ್ಕೇ ಐಪಿಎಲ್‌ನಲ್ಲಿ ಕೊಳ್ಳುವವರ ಸಾಲು, ಶೆಫೀಲ್ಡ್‌ನಲ್ಲಿ ಕೊಳ್ಳುವವರ ಹುಡುಕಾಟ.

ಆದರೆ ಏರಿಳಿತ ಇಲ್ಲದ ಮಾತ್ರಕ್ಕೆ ಎಲ್ಲ ಸುಭದ್ರ ಅಂತಲೂ ಅಲ್ಲ. ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಅಲ್ಲಿ ಮಾಲೀಕರಾದ ಜೆಎಸ್‌ಡಬ್ಲ್ಯೂ ಬಳಿ ಹಣ ಇಲ್ಲದೆ ಅಲ್ಲ. ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ನಡುವಿನ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂದು, ದೇಶದ ಮುಖ್ಯ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಅನ್ನೋದೇ ಗೊತ್ತಿರಲಿಲ್ಲ. ಶೆಫೀಲ್ಡ್‌ನಲ್ಲಿ ಲೀಗ್ ಇತ್ತು, ಮಾಲೀಕ ಇರಲಿಲ್ಲ. ಬೆಂಗಳೂರಿನಲ್ಲಿ ಮಾಲೀಕ ಇದ್ದರು, ಲೀಗ್ ಇರಲಿಲ್ಲ!

ಇನ್ನೊಂದು ವ್ಯತ್ಯಾಸ. ಹಣದ ಕಷ್ಟಕ್ಕೆ ಸಿಕ್ಕಿದ್ದ ಹೈದರಾಬಾದ್ ಎಫ್‌ಸಿ 2025ರಲ್ಲಿ ದೆಹಲಿಗೆ ಹೋಗಿ ಹೆಸರನ್ನೇ ಬದಲಿಸಿಕೊಂಡಿತು. ಶೆಫೀಲ್ಡ್ ವೆನ್ಸ್‌ಡೇಯನ್ನು ಲಂಡನ್ನಿಗೆ ಎತ್ತಿಕೊಂಡು ಹೋಗುವ ಮಾತನ್ನು ಯಾರೂ ಆಡಲಿಲ್ಲ. ಕೊಳ್ಳುವವರು ಆ ಊರನ್ನೂ, ಆ ಮೈದಾನವನ್ನೂ, ಆ ಜನರ ಸಿಟ್ಟನ್ನೂ ಸೇರಿಸಿಯೇ ಕೊಳ್ಳಬೇಕು.

ಹೊಸ ಕಾನೂನು ಬಂದಿದೆ, ಆದರೆ

‘ಬರಿ’ ಊರಿನ ಕ್ಲಬ್ ಲೀಗ್‌ನಿಂದ ಹೊರಬಿದ್ದದ್ದು, ದೊಡ್ಡ ಕ್ಲಬ್‌ಗಳು ತಮ್ಮದೇ ಲೀಗ್ ಕಟ್ಟಲು ಹೊರಟ 2021ರ ಸೂಪರ್ ಲೀಗ್ ಗಲಾಟೆ, ಆಮೇಲೆ ಆಗಿನ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದ ವರದಿ. ಇವುಗಳ ಫಲವಾಗಿ 2025ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು. ಅದರಡಿ ಸರ್ಕಾರದ ಹಿಡಿತಕ್ಕೂ ಲೀಗ್‌ಗಳ ಹಿಡಿತಕ್ಕೂ ಹೊರಗಿನ ಒಬ್ಬ ನಿಯಂತ್ರಕ ಇರುತ್ತಾರೆ. ಕ್ಲಬ್‌ಗಳು ಲೈಸೆನ್ಸ್ ಪಡೆಯಬೇಕು, ಹಣಕಾಸಿನ ಯೋಜನೆ ತೋರಿಸಬೇಕು. ಯೋಗ್ಯರಲ್ಲದ ಮಾಲೀಕರನ್ನು ಹೊರಗೆ ಕಳಿಸುವ ಅಧಿಕಾರವೂ ಇದೆ. ಮೈದಾನವನ್ನು ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ.

ಹಣ ಹೂಡುವವರು ಹೆದರಿ ಓಡುತ್ತಾರೆ ಅಂತ ಪ್ರೀಮಿಯರ್ ಲೀಗ್‌ನ ಹಲವರು ಇದನ್ನು ವಿರೋಧಿಸಿದರು. ಆ ಭಯದಲ್ಲಿ ಅರ್ಥ ಇಲ್ಲದಿಲ್ಲ. ಚಾಂಪಿಯನ್‌ಶಿಪ್ ನಡೆಯುತ್ತಿರೋದೇ ಮಾಲೀಕರು ಕೈಯಿಂದ ಹಾಕುವ ಹಣದಿಂದ. ಅದನ್ನು ನಿಲ್ಲಿಸಿದರೆ ಆ ಜಾಗ ತುಂಬೋಕೆ ಪ್ರೀಮಿಯರ್ ಲೀಗ್ ತನ್ನ ಟಿವಿ ಹಣದಲ್ಲಿ ಇನ್ನಷ್ಟು ಕೆಳಗೆ ಬಿಡಬೇಕು. ಆ ಹಂಚಿಕೆಯ ಜಗಳ ವರ್ಷಗಳಿಂದ ಬಗೆಹರಿದಿಲ್ಲ. ನಿಯಂತ್ರಕರ ಅಧಿಕಾರ ಹಂತಹಂತವಾಗಿ ಜಾರಿಗೆ ಬರುತ್ತಿದ್ದುದರಿಂದ ವೆನ್ಸ್‌ಡೇಗೆ ಅದು ಸಮಯಕ್ಕೆ ಒದಗಲಿಲ್ಲ.

ಮುಂದೆ ಏನಾಗಬಹುದಿತ್ತು?

2025ರ ಕೊನೆಗೇ ತಂಡ ಲೀಗ್ ಒನ್‌ಗೆ ಇಳಿಯೋದು ಹೆಚ್ಚುಕಡಿಮೆ ಖಚಿತವಾಗಿತ್ತು. ಕೊಳ್ಳುವವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬೆಲೆ ಹೇಳಿರುತ್ತಾರೆ. ಕೆಳಗಿನ ಲೀಗ್‌ನಲ್ಲಿ ಟಿವಿ ಹಣ ಕಡಿಮೆ, ಸಂಬಳದ ಬಿಲ್ಲೂ ಕಡಿಮೆ. ಕೆಟ್ಟದ್ದರಲ್ಲೂ ಒಂದು ಅನುಕೂಲ ಅಂದರೆ ಹಳೆಯ ದುಬಾರಿ ಒಪ್ಪಂದಗಳು ಬಹುತೇಕ ಕರಗಿದ್ದವು.

ಜನವರಿಯಲ್ಲಿ ಆಟಗಾರರ ಮಾರುಕಟ್ಟೆ ತೆರೆಯುತ್ತದೆ. ಅಷ್ಟರಲ್ಲಿ ಮಾರಾಟ ಮುಗಿಯದಿದ್ದರೆ ದಿನದ ಖರ್ಚಿಗೆ ಅಂತ ಇರುವ ನಾಲ್ಕು ಒಳ್ಳೆ ಹುಡುಗರನ್ನೂ ಮಾರುವ ಒತ್ತಡ ಬರಬಹುದಿತ್ತು. ತಡವಾದಷ್ಟೂ ಅಡ್ಮಿನಿಸ್ಟ್ರೇಟರ್‌ಗಳ ಶುಲ್ಕವೂ ಏರುತ್ತದೆ. ಆ ಶುಲ್ಕ ಸಾಮಾನ್ಯ ಬಾಕಿದಾರರಿಗಿಂತ ಮೊದಲು ಸಂದಾಯವಾಗುತ್ತದೆ. ಅಂದರೆ ಕೇಟರಿಂಗ್‌ನವರಿಗೆ, ಬಸ್ಸಿನವರಿಗೆ ಸಿಗುವ ಪಾಲು ಇನ್ನೂ ಸಣ್ಣದು.

ಪ್ರಿಫರ್ಡ್ ಬಿಡ್ಡರ್ ಹಿಂದೆ ಸರಿದರೆ ಅಡ್ಮಿನಿಸ್ಟ್ರೇಟರ್‌ಗಳು ಮುಂದಿನವರ ಬಳಿ ಹೋಗುತ್ತಾರೆ. ಅವರು ಮೊದಲಿಗಿಂತ ಕಡಿಮೆ ಬೆಲೆ ಹೇಳುತ್ತಾರೆ, ಯಾಕೆಂದರೆ ಮಾರುವವರಿಗೆ ಆತುರ ಇರೋದು ಎಲ್ಲರಿಗೂ ಗೊತ್ತು. ಬೆಲೆ ಕಡಿಮೆ ಆದರೆ 25 ಪೆನ್ಸ್ ಕೊಡೋದು ಕಷ್ಟ. ಕೊಡದಿದ್ದರೆ ಮೈನಸ್ 15.

ಹಾಗಾಗಿ ‘ಕ್ಲಬ್ ಮಾರಾಟ’ ಅನ್ನೋ ಶೀರ್ಷಿಕೆ ಮತ್ತೆ ಕಂಡಾಗ ಕೆಳಗಿನ ಸಾಲುಗಳಲ್ಲಿ ಮೂರು ಮಾತು ಹುಡುಕಿ. ಇಎಫ್‌ಎಲ್ ಒಪ್ಪಿಗೆ ಕೊಟ್ಟಿದೆಯಾ? ಕ್ಲಬ್ ಜೊತೆ ಹಿಲ್ಸ್‌ಬರೋ ಕೂಡ ಸೇರಿದೆಯಾ? ಬಾಕಿದಾರರಿಗೆ ಪೌಂಡಿಗೆ ಎಷ್ಟು ಪೆನ್ಸ್? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಮುಂದಿನ ಆಗಸ್ಟ್‌ನಲ್ಲಿ ಪಾಯಿಂಟ್ಸ್ ಪಟ್ಟಿಯನ್ನು ಕೆಳಗಿನಿಂದ ಓದಬೇಕಾಗುತ್ತದೆ.